ನವಿಲಿನ ಕಾಲು ಸೇದಿದ ರಾಮಲಿಂಗಯ್ಯ

ಶಿವರತ್ನಮ್ಮ: ನಾಕು ದಿನ ಆಯ್ತು ಕಣಮ್ಮಿ, ನಾಕು ದಿನ! ಬೆಳಗಾನ ಎದ್ದು ಚೊಂಬಲ್ಲಿ ನೀರು ತಕಂಡು ಓಯ್ತನೆ, ತುಂಬಿದ ಚೊಂಬ ಅಂಗೇ ವಾಪಸ್ ತತ್ತನೆ ನನ್ ತಮ್ಮ. ಏನ ಬೇಯ್ಸಿ ಆಕ್ತಿದ್ದೀಯ ಅವನಿಗೆ?

ಅನಸೂಯಮ್ಮ: ಚೊಂಬ ತುಂಬ್ಸಿ ಕೊಡೋದು ನನ್ ಕೆಲಸ ಅಕ್ಕಯ್ಯ. ಖಾಲಿ ಮಾಡೋದೂ ನಾನೇನಾ?

ಶಿವರತ್ನಮ್ಮ: ನಾಲಗೆ ನೋಡು ಇವಳ್ದು! ಅವನ ಒಟ್ಟೆ ಕಲ್ಲಾಗದೆ, ಕಲ್ಲು!

ಅನಸೂಯಮ್ಮ: ನನ್ ಇಟ್ಟು ಬೆಣ್ಣೆ ಅಂಗಿರ್ತದೆ. ಕಲ್ಲು ಎಲ್ಲಿ ತಿಂದರೋ ಅವರನ್ನೇ ಕೇಳಿ.

ಕೇಳಬೇಕಾದ ಆಸಾಮಿ ಅಲ್ಲೇ ಇದ್ದ. ರಾಮಲಿಂಗಯ್ಯ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಎರಡೂ ಕೈಯಲ್ಲಿ ಹೊಟ್ಟೆ ಅವುಚಿಕೊಂಡು, ಹೆಂಡತಿಯ ಮುಖವನ್ನೂ ನೋಡದೆ ಅಕ್ಕನ ಮುಖವನ್ನೂ ನೋಡದೆ ಸೂರಿನ ಕಡೆ ನೋಡುತ್ತಿದ್ದ. ಹೆಂಗಸರಿಬ್ಬರು ಜಗಳಕ್ಕೆ ನಿಂತಾಗ ಗಂಡಸಿಗೆ ಸೂರಿನಲ್ಲಿ ಅದೇನು ಕಾಣುತ್ತದೋ, ಶಿವನೇ ಬಲ್ಲ.

ಇದು ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದ ಮಾತು. ರೇಷ್ಮೆ ನೇಯುವವರ ಬೀದಿಯಲ್ಲಿ ರಾಮಲಿಂಗಯ್ಯನ ಮನೆಯದು ಒಂದೇ ಮಗ್ಗ, ಒಂದೇ ಒಲೆ. ಮಗ್ಗ ಅವನದು, ಒಲೆ ಅನಸೂಯಮ್ಮನದು. ಇಪ್ಪತ್ತೆರಡು ವರ್ಷದಿಂದ ಆ ಒಲೆಯ ಮುಂದಿನ ಮಣೆಯ ಮೇಲೆ ಇನ್ನೊಬ್ಬರು ಕೂತವರಲ್ಲ. ಅಂಥದ್ದರಲ್ಲಿ ತಮ್ಮನಿಗೆ ತಿಂಗಳಿಂದ ಹೊಟ್ಟೆನೋವು ಎಂಬ ಸುದ್ದಿ ಕೇಳಿ ಅವನ ಅಕ್ಕ ಶಿವರತ್ನಮ್ಮ ಯಳಂದೂರಿನಿಂದ ಬಂದಿಳಿದು ಹದಿನೈದು ದಿನವಾಗಿತ್ತು. ಅಂದಿನಿಂದ ಬೀದಿಯ ಮನೆಮನೆಗೂ ಹೋಗಿ, ಅನಸೂಯಳ ಸಾರಿನಿಂದಲೇ ತಮ್ಮನಿಗೆ ಹೀಗಾಯಿತು ಎಂದು ಹೇಳಿ ಬರುತ್ತಿದ್ದಳು. ಬರುವಾಗ ಗಂಟಿನ ಜೊತೆ ತನ್ನದೇ ಒಂದು ಹಿಟ್ಟಿನ ಕೋಲು ತಂದಿದ್ದಳು, ನೆಂಟರ ಮನೆಗೆ ಯಾರಾದರೂ ಮುದ್ದೆ ತಿರುವುವ ಕೋಲು ಹೊತ್ತುಕೊಂಡು ಬರುತ್ತಾರೆಯೇ! ಆ ಕೋಲು ಕಂಡ ದಿನವೇ ತನ್ನ ಒಲೆಗೆ ಸಂಚಕಾರ ಬಂತೆಂದು ಅನಸೂಯಮ್ಮನಿಗೆ ಗೊತ್ತಾಗಿತ್ತು. ಗಂಡನ ಹೊಟ್ಟೆನೋವಿಗಿಂತ ಅದೇ ಹೆಚ್ಚು ನೋಯುತ್ತಿತ್ತು. ಹೇಳಿಕೊಳ್ಳಲು ನಾಚಿಕೆ ಆಗುತ್ತಿತ್ತು, ಅಷ್ಟೆ.

ಅನಸೂಯಮ್ಮ: ರೀ, ನೀವಾದ್ರೂ ಬಾಯ್ಬುಡಿ. ನನ್ ಅಡಿಗೆಯಿಂದ್ಲೇನಾ ನಿಮ್ಗೆ ಇಂಗಾಗಿರೋದು?

ರಾಮಲಿಂಗಯ್ಯ: ಅಡಿಗೆಯಿಂದ್ಲೇ ಅಂತ ನಾನೆಲ್ಲಿ ಅಂದೆ? ಉಂಡಾದ್ ಮ್ಯಾಲೆ ನೋಯ್ತದೆ ಅಂದೆ.

ಶಿವರತ್ನಮ್ಮ: ಅಲ್ನೋಡು!

ಅನಸೂಯಮ್ಮ: ಉಣ್ಣಾಕ್ ಮುಂಚೆ?

ರಾಮಲಿಂಗಯ್ಯ: ಆಗ್ಲೂ ನೋಯ್ತದೆ.

ಅನಸೂಯಮ್ಮ: ಉಣ್ಣದಿದ್ರೆ?

ರಾಮಲಿಂಗಯ್ಯ: ಇನ್ನೂ ವಸಿ ಜಾಸ್ತಿ.

ಅನಸೂಯಮ್ಮ: ಮತ್ತೆ ನನ್ ಅಡಿಗೆ ಎಲ್ಲಿಂದ ಬಂತು ಮಧ್ಯದಲ್ಲಿ?

ಶಿವರತ್ನಮ್ಮ: ಉಳ್ಳಿಕಾಳು ಸಾರು ಕಣಮ್ಮಿ. ಉಳ್ಳಿ ಬೇಯಿಸೋದ ನಿಮ್ ಅವ್ವ ನಿಂಗೆ ಕಲಿಸಿಲ್ಲ. ಬಂಡಳ್ಳಿ ಕಡೆಯೋರು ನೀವು, ಕಾಳು ಬೆಂದ್ರೂ ಸರಿ, ಬೇಯದಿದ್ರೂ ಸರಿ.

ಅನಸೂಯಮ್ಮ: ನಮ್ಮವ್ವನ ಸುದ್ದಿಗೆ ಬರಬ್ಯಾಡಿ! ಅದೇ ಉಳ್ಳಿ ಸಾರ ನಾನೂ ತಿಂದಿದ್ದೀನಿ. ನಂಗೇನಾಗದೆ? ಗುಂಡುಕಲ್ಲಂಗಿದ್ದೀನಿ.

ಶಿವರತ್ನಮ್ಮ: ನಿಂದು ಮನುಷ್ಯರ ಒಟ್ಟೆನಾ? ನನ್ ಸುದ್ದಿ ಕೇಳು. ಬಂದಾಗ ಎಂಗಿದ್ದೆ ನಾನು! ಮೊನ್ನೆಯಿಂದ ನಂಗೂ ಒಟ್ಟೆ ಹಿಂಡ್ತದೆ. ಬೆಳಿಗ್ಗೆ ಚೊಂಬು ತಕಂಡು ಓದ್ರೆ ಅವನದ್ದೇ ಕತೆ ನಂದೂವೆ.

ರಾಮಲಿಂಗಯ್ಯ ಮೊದಲ ಸಲ ಸೂರಿನಿಂದ ಕಣ್ಣು ಕೆಳಗಿಳಿಸಿದ.

ರಾಮಲಿಂಗಯ್ಯ: ನಿಂಗೂವಾ ಅಕ್ಕಯ್ಯ?

ಶಿವರತ್ನಮ್ಮ: ಊ ಕಣ್ಲಾ. ಒಂದೇ ರಕ್ತ ಅಲ್ವಾ. ಇವಳ ಕೈಯಡಿಗೆ ನಮ್ ವಂಶಕ್ಕೇ ಆಗಿಬರಾಕಿಲ್ಲ. ಇವತ್ತಿಂದ ಒಲೆ ನಂದು. ನೀನು ಅಲ್ಲೆಲ್ಲಾರ ಕುಂತ್ಕೋ ಅನಸೂಯ.

ಇಷ್ಟು ಹೇಳಿ ಶಿವರತ್ನಮ್ಮ ತನ್ನ ಕೋಲು ಹಿರಿದುಕೊಂಡು ಅಡಿಗೆಮನೆಗೆ ನುಗ್ಗಿಯೇಬಿಟ್ಟಳು. ಒಳಗೆ ಪಾತ್ರೆಗಳು ಸ್ಥಾನಪಲ್ಲಟವಾಗುವ ಸದ್ದು ಕೇಳಿಸತೊಡಗಿತು. ಉಪ್ಪಿನ ಮಡಕೆ ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂಬುದನ್ನು ಅನಸೂಯಮ್ಮ ಸದ್ದಿನಲ್ಲೇ ತಿಳಿದುಕೊಂಡಳು. ಎದುರು ಮನೆಯ ಶಿವನಂಜಮ್ಮ ಅಕ್ಕಿ ಕೇರುವ ನೆಪದಲ್ಲಿ ಜಗಲಿಗೆ ಬಂದು ಕೂತಿದ್ದಳು, ಕೇರಿದ ಅಕ್ಕಿಯನ್ನೇ ಮತ್ತೆ ಕೇರುತ್ತಿದ್ದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಅನಸೂಯಮ್ಮನನ್ನು ಒಲೆಯಿಂದ ಎಬ್ಬಿಸಿದರಂತೆ! ಇನ್ನು ಆ ಬೀದಿಯಲ್ಲಿ ತಲೆಯೆತ್ತಿ ನೀರಿಗೆ ಹೋಗುವುದು ಹೇಗೆ?

ಕೆಲಸವಿಲ್ಲದ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಅವಳು ಮಗ್ಗದ ಪಕ್ಕ ಹೋಗಿ ಕುಕ್ಕರಿಸಿದಳು. ಹಗಲು ಹೊತ್ತಿನಲ್ಲಿ ಅಲ್ಲಿ ಕೂತು ಗಂಡನ ನೇಯ್ಗೆ ನೋಡುವ ಪುರುಸೊತ್ತು ಅವಳಿಗೆ ಯಾವತ್ತೂ ಇದ್ದದ್ದಲ್ಲ. ಮಗ್ಗದ ಮೇಲೆ ಮದುವೆ ಸೀರೆ, ಅರಗಿನ ಬಣ್ಣದ್ದು, ಅಂಚಿನುದ್ದಕ್ಕೂ ಜರಿಯ ನವಿಲು. ನೋಡಿದಳು. ಇನ್ನೊಂದು ಸಲ ನೋಡಿದಳು. ಬಗ್ಗಿ ನೋಡಿದಳು.

ಅನಸೂಯಮ್ಮ: ರೀ, ಈ ನವಿಲಿಗೆ ಕಾಲೆಲ್ರೀ?

ರಾಮಲಿಂಗಯ್ಯ: ಯಾವ ನವಿಲು?

ಅನಸೂಯಮ್ಮ: ಇಲ್ಲಿ. ಸುತ್ತಿರೋ ಕಡೆ ಮೊದಲನೇವು ಎರಡು ಕಾಲಲ್ಲಿ ನಿಂತವೆ. ಆಮ್ಯಾಕೆ ಒಂದೇ ಕಾಲು. ಈಗ ನೇಯ್ತಾ ಇರೋದಕ್ಕೆ ಕಾಲೇ ಇಲ್ಲ.

ರಾಮಲಿಂಗಯ್ಯ: ಅದು... ಕುಂತದೆ.

ಅನಸೂಯಮ್ಮ: ಕುಂತದಾ?

ರಾಮಲಿಂಗಯ್ಯ: ಊ. ಎಷ್ಟು ಒತ್ತು ಅಂತ ನಿಂತಿರ್ತದೆ ಪಾಪ? ಆರು ಗಜದ ಸೀರೆ.

ಅನಸೂಯಮ್ಮ: ಸುಸ್ತಾಗಿ ಕುಂತದೆ.

ರಾಮಲಿಂಗಯ್ಯ: ಸೇಲಂ ಕಡೆ ಈಗ ಕುಂತ ನವಿಲೇ ಜಾಸ್ತಿ ನಡೆಯೋದು. ನಿಂಗೆಲ್ಲಿ ಗೊತ್ತಾಯ್ತದೆ.

ಅನಸೂಯಮ್ಮ ಅಡಿಗೆಯವಳಾದರೂ ನೇಕಾರರ ಮನೆಯ ಸೊಸೆ. ಮಗ್ಗದ ನೆತ್ತಿಯ ಮೇಲೆ ಚಿತ್ರಕ್ಕೆಂದು ಇದ್ದ ಜಕಾಡು ಪೆಟ್ಟಿಗೆಯಿಂದ ಹೊರಟ ದಾರಗಳಿಗೆ ಒಂದೊಂದಕ್ಕೂ ಬೆರಳುದ್ದದ ಸೀಸದ ಕಡ್ಡಿ ಕಟ್ಟಿರುತ್ತದೆ ಎಂಬುದು ಅವಳಿಗೆ ಗೊತ್ತು. ಆ ಭಾರಕ್ಕೇ ಮೇಲೆದ್ದ ಎಳೆ ತಿರುಗಿ ಕೆಳಗಿಳಿಯುವುದು, ಹೂವೋ ಹಕ್ಕಿಯೋ ಸರಿಯಾಗಿ ಮೂಡುವುದು. ಭಾರ ಹೋದರೆ ಎಳೆ ಮೇಲೇ ಉಳಿಯುತ್ತದೆ, ಅಷ್ಟರ ಮಟ್ಟಿಗೆ ಚಿತ್ರವೂ ಹೋಗುತ್ತದೆ. ಅವಳು ಮಗ್ಗದ ಕೆಳಗೆ ತಲೆ ತೂರಿಸಿ ಎಣಿಸತೊಡಗಿದಳು.

ರಾಮಲಿಂಗಯ್ಯ: ಏಯ್, ಮಗ್ಗದೊಳಕ್ಕೆ ಯಾಕ ನುಗ್ಗೀಯೆ? ಎಳೆ ಕಿತ್ತೋಯ್ತದೆ!

ಅನಸೂಯಮ್ಮ: ಅನ್ನೊಂದು ಕಡ್ಡಿ ಇಲ್ಲ.

ರಾಮಲಿಂಗಯ್ಯ: ಇಲಿ ಇರ್ಬೈದು.

ಅನಸೂಯಮ್ಮ: ಸೀಸ ತಿನ್ನೋ ಇಲಿ.

ರಾಮಲಿಂಗಯ್ಯ: ಈಗಿನ ಇಲಿ ಏನ್ ಬುಡ್ತವೆ?

ಇಲಿಯ ಬಿಲ ಸಿಗಲಿಲ್ಲ. ಬದಲಿಗೆ ಮಗ್ಗದ ಗುಂಡಿಯ ಗೋಡೆಯಲ್ಲಿ, ರಾಮಲಿಂಗಯ್ಯನ ಮೊಣಕಾಲ ಹಿಂದೆ ಒಂದು ಪುಟ್ಟ ಗೂಡು ಸಿಕ್ಕಿತು. ಒಳಗೆ ಹೊಗೆಸೊಪ್ಪಿನ ಸುರುಳಿ, ಅದರ ಮೇಲೆ ಮಲಗಿಸಿದಂತೆ ಹೊಗೆ ಸೇದುವ ಒಂದು ಚುಂಗಾಣಿ. ಮಣ್ಣಿನ ಬಟ್ಟಲು, ಬಿದಿರಿನ ಕೊಳವೆ. ಬಟ್ಟಲಿನ ಒಳಗೆಲ್ಲ ಸೀಸ ಹೊಯ್ದಿತ್ತು, ಬಾಯಿಗಿಡುವ ತುದಿಗೂ ಸೀಸದ ಕಟ್ಟು. ಅನಸೂಯಮ್ಮ ಅದನ್ನು ಸತ್ತ ಹಲ್ಲಿಯಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಳು.

ಅನಸೂಯಮ್ಮ: ಬುಟ್ಟೆ ಅಂತ ಚೌಡೇಸ್ವರಿ ಮೇಲೆ ಆಣೆ ಮಾಡಿದ್ರಿ.

ರಾಮಲಿಂಗಯ್ಯ: ಬೀಡಿ ಬುಟ್ಟೆ ಅಂತ ಆಣೆ ಮಾಡಿದ್ದು. ಬೀಡಿ ಬುಟ್ಟಿದ್ದೀನಿ. ತಾಯಿಗೆ ದ್ರೋಹ ಮಾಡಿಲ್ಲ.

ಅನಸೂಯಮ್ಮ: ಓದ ವರ್ಸ ಪರಂಗಿ ದಂಟಲ್ಲಿ ಮಾಡ್ಕಂಡ್ರಿ, ಬಾಯೆಲ್ಲ ಬೊಬ್ಬೆ ಬಂತು. ಆಮ್ಯಾಕೆ ಕಣಗಿಲೆ ಕಡ್ಡಿ ಕೊರೆದು ಕೊಳವೆ ಮಾಡ್ಕಂಡು ಕುಂತಿದ್ರಿ, ನಾನು ಕಿತ್ತು ತಿಪ್ಪೆಗೆಸೆದೆ, ಇಲ್ದಿದ್ರೆ ಇವತ್ತಿಗೆ ನಿಮ್ಮ ವರ್ಸದ ತಿಥಿ ಆಗೋಗಿರೋದು. ಕೊಡೆ ಕಾವು ಮುರಿದು ಮಾಡ್ಕಂಡ ಕೊಳವೆ ನೆಪ್ಪದಾ?

ರಾಮಲಿಂಗಯ್ಯ: ಅದರ ಬಣ್ಣ ಉರಕಂತು. ಅದು ನನ್ ತಪ್ಪಾ? ಕೊಡೆ ಮಾಡಿದೋನ ತಪ್ಪು.

ಅನಸೂಯಮ್ಮ: ಕೊಡೆ ಮಾಡಿದೋನು ಸೇದು ಅಂದಿದ್ನಾ?

ರಾಮಲಿಂಗಯ್ಯ: ಅದಕ್ಕೇ ಕಣೆ ಈ ಸಲ ಬುದ್ಧಿ ಖರ್ಚು ಮಾಡಿ ಮಾಡಿರೋದು. ಮಣ್ಣಿಂದು ಬರೀ ಸೀಳ್ತಿತ್ತು. ಉಗಾದಿ ದಿನ ಹೊಳೀತು ನೋಡು ತಲೇಲಿ, ಸೀಸ ಹೊಯ್ದರೆ ಎಂಗೆ ಅಂತ! ಒಲೆ ಮೇಲಿಟ್ಟರೆ ತುಪ್ಪದಂಗೆ ಕರಗ್ತದೆ. ಸೀಳು ಮುಚ್ಚೋಯ್ತು. ಬೆಳ್ಳಿ ಅಂಗೆ ಹೊಳೀತು. ಮೇಲಾಗಿ ಒಗೆ ಸೀ ಆಯ್ತು ಕಣೆ, ಸಕ್ಕರೆ ಬಾಯ್ಗಾಕ್ಕಂಡಂಗೆ.

ಅನಸೂಯಮ್ಮ: ಯಾವ ಒಲೆ ಮೇಲೆ ಕರಗಿಸಿದ್ರಿ?

ರಾಮಲಿಂಗಯ್ಯ ಮತ್ತೆ ಸೂರು ನೋಡಿದ.

ಅನಸೂಯಮ್ಮ: ನನ್ ಒಲೆ ಮೇಲಾ!

ರಾಮಲಿಂಗಯ್ಯ: ನೀನು ನೀರಿಗೆ ಓಗಿದ್ದೆ. ಹಳೇ ಸೌಟು, ಬುಡು.

ಅನಸೂಯಮ್ಮ: ಯಾವ ಸೌಟು? ಮೂಲೇಲಿ ಕರ್ರಗೆ ಬಿದ್ದಿತ್ತಲ್ಲ, ಅದಾ? ಸದ್ಯ, ಅದನ್ನ ಅವತ್ತೇ ತಿಪ್ಪೆಗೆಸೆದೆ. ಅದಿರ್ಲಿ. ಇದಕ್ಕೆ ಅನ್ನೊಂದು ಕಡ್ಡಿ ಸೀಸ ಹಿಡೀತಾ? ಬಟ್ಟಲು ನೋಡಿದ್ರೆ ನಿಂಬೆಹಣ್ಣಿನ ಗಾತ್ರ.

ರಾಮಲಿಂಗಯ್ಯ: ಎರಡು ಸಾಕಾಯ್ತು. ಆಮ್ಯಾಲೆ ವಾರಕ್ಕೊಂದು ಹೊಯ್ಯಬೇಕು.

ಅನಸೂಯಮ್ಮ: ಯಾಕೆ?

ರಾಮಲಿಂಗಯ್ಯ: ಸವೀತದೆ. ಕೆಂಡ ಇಡ್ತೀವಲ್ಲ, ತೆಳ್ಳಗಾಯ್ತಾ ಬತ್ತದೆ. ಹೊಸಾದು ಹೊಯ್ದರೆ ಸರಿಹೋಯ್ತದೆ.

ಅನಸೂಯಮ್ಮ: ಸವೆದದ್ದು ಎಲ್ಲೋಯ್ತದೆ?

ರಾಮಲಿಂಗಯ್ಯ: ಎಲ್ಲೋಯ್ತದೆ ಅಂದ್ರೆ... ಓಯ್ತದೆ.

ಅನಸೂಯಮ್ಮ: ಬೂದಿಲಿ ಇರ್ತದಾ?

ರಾಮಲಿಂಗಯ್ಯ: ಇಲ್ಲ. ನೋಡಿದ್ದೀನಿ.

ಅನಸೂಯಮ್ಮ: ಕೆಳಗೆ ಬೀಳ್ತದಾ?

ರಾಮಲಿಂಗಯ್ಯ: ಇಲ್ಲ.

ಅನಸೂಯಮ್ಮ: ಈ ಬಟ್ಟಲಿಂದ ಆಚೆ ಓಗಾಕೆ ದಾರಿ ಎಷ್ಟು?

ರಾಮಲಿಂಗಯ್ಯ: ಇದೇ ಕೊಳವೆ ಒಂದೇಯ.

ಅನಸೂಯಮ್ಮ: ಕೊಳವೆ ಆ ಕಡೆ ತುದೀಲಿ ಏನದೆ?

ರಾಮಲಿಂಗಯ್ಯ ಬಾಯಿ ತೆರೆದ. ತೆರೆದ ಬಾಯಿಯನ್ನೇ ಬೆರಳಿಂದ ಮುಟ್ಟಿ ನೋಡಿಕೊಂಡ. ಆಮೇಲೆ ಕೈ ನಿಧಾನವಾಗಿ ಕೆಳಗಿಳಿದು ಹೊಟ್ಟೆಯ ಮೇಲೆ ಬಂದು ನಿಂತಿತು.

ರಾಮಲಿಂಗಯ್ಯ: ಅಯ್ಯೋ ಶಿವನೇ! ನವಿಲಿನ ಕಾಲೆಲ್ಲ ನನ್ ಒಟ್ಟೇಲಿ ಅವಾ?

ಅನಸೂಯಮ್ಮ: ವರ್ಸವರ್ಸ ಪಾತ್ರೆಗೆ ಕಲಾಯಿ ಆಕಾಕೆ ಬತ್ತನಲ್ಲ ಸಾಬ್ರು, ಅವನ ಹತ್ರ ನಾನು ಎಷ್ಟು ಸಲ ಜಗಳ ಆಡಿದ್ದೀನಿ ಗೊತ್ತಾ? ತವರ ಆಕಪ್ಪಾ, ಸೀಸ ಬೆರಸಬ್ಯಾಡ ಅಂತ. ಅವನೇ ಏಳವ್ನೆ, ಸೀಸ ಬೆರಸಿದ್ರೆ ಮನೇವರ್ಗೆಲ್ಲ ಒಟ್ಟೆ ಹಿಂಡ್ತದೆ, ಬಯಲು ಕಡೆ ಓಗಾಕೆ ಆಗಾಕಿಲ್ಲ, ಕೈಕಾಲು ಬಿದ್ದೋಯ್ತವೆ ಅಂತ. ನಾನು ಪಾತ್ರೆ ಕಾದೆ. ನೀವು ಹಿತ್ತಾಳೆ ಪಾತ್ರೆಗಿಂತ ಕಡೆ ಆಗೋದ್ರಿ!

ಹೇಳುತ್ತಾ ಹೇಳುತ್ತಾ ಅನಸೂಯಮ್ಮನ ದನಿ ಏರಿತು. ಕೋಪ ಬಂದಿತ್ತು, ಹೆದರಿಕೆಯೂ ಆಗಿತ್ತು, ಇಷ್ಟಾದರೂ ಈ ಮನುಷ್ಯ ಬದುಕಿರಲಿ ಎಂಬ ಆಸೆಯೂ ಇತ್ತು. ಸದ್ದು ಕೇಳಿ ಶಿವರತ್ನಮ್ಮ ಕೋಲು ಹಿಡಿದೇ ಹೊರಗೆ ಬಂದಳು.

ಶಿವರತ್ನಮ್ಮ: ಏನದು ಗಲಾಟೆ? ನೋವಿರೋ ಮನುಷ್ಯನ್ನ ಬೈತೀಯಲ್ಲ!

ಅನಸೂಯಮ್ಮ: ನೋಡಿ ನಿಮ್ ತಮ್ಮನ ಘನಕಾರ್ಯ. ಸೀಸದ ಚುಂಗಾಣಿ. ಎರಡು ತಿಂಗಳಿಂದ ಸೀಸ ಸೇದವ್ರೆ. ನನ್ ಉಳ್ಳಿ ಸಾರಲ್ಲ ಅಕ್ಕಯ್ಯ, ಇದು!

ಶಿವರತ್ನಮ್ಮ: ಥೂ, ಇದಾ? ಇದರಿಂದ ಏನಾಯ್ತದೆ? ನಿನ್ ತಪ್ಪ ಮುಚ್ಕಳಾಕೆ ಚುಂಗಾಣಿ ಮೇಲಾಕ್ತೀಯಾ? ಎಷ್ಟು ನಯವಾಗದೆ ಅದರ ಒಗೆ. ಗಂಟಲಿಗೆ ಒಂಚೂರೂ ತಗಲಾಕಿಲ್ಲ. ಮೊದಲು ಸೀ ಇರ್ತದೆ, ಕೊನೆ ದಮ್ಮಲ್ಲಿ ಮಾತ್ರ ವಸಿ ಕಾಸು ನೆಕ್ಕಿದಂಗಾಯ್ತದೆ, ಅಷ್ಟೇಯ.

ಅನಸೂಯಮ್ಮ: ಓ.

ಶಿವರತ್ನಮ್ಮ: ಏನ್ ಓ?

ಅನಸೂಯಮ್ಮ: ಕೊನೆ ದಮ್ಮಿನ ರುಚಿ ನಿಮ್ಗೆಂಗೆ ಗೊತ್ತಾಯ್ತು ಅಕ್ಕಯ್ಯ?

ಬೀದಿಯಾಚೆ ಶಿವನಂಜಮ್ಮನ ಮೊರದ ಸದ್ದು ಗಕ್ಕನೆ ನಿಂತಿತು. ಶಿವರತ್ನಮ್ಮ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

ಶಿವರತ್ನಮ್ಮ: ಯಾರೋ ಏಳ್ತಿದ್ರು.

ರಾಮಲಿಂಗಯ್ಯ: ನಾನು ಯಾರಿಗೂ ಏಳಿಲ್ವಲ್ಲ ಅಕ್ಕಯ್ಯ. ತಡಿ ತಡಿ! ಹದಿನೈದು ದಿನದಿಂದ ನನ್ ಒಗೆಸೊಪ್ಪು ದಿನದಿನಕ್ಕೂ ಕಮ್ಮಿ ಆಯ್ತಾ ಅದೆ. ನಾನು ಅನಸೂಯ ಕದ್ದು ಸೇದ್ತವ್ಳೆ ಅನ್ಕಂಡು, ಪಾಪ ಸೇದ್ಕಳ್ಳಿ ಅಂತ ಬಾಯ್ ಮುಚ್ಕಂಡಿದ್ದೆ!

ಅನಸೂಯಮ್ಮ: ನಾನಾ!

ರಾಮಲಿಂಗಯ್ಯ: ಉದಾರ ಮನಸ್ಸಿಂದ ಕಣೆ.

ಶಿವರತ್ನಮ್ಮ: ಮೆತ್ತಗೆ ಮಾತಾಡ್ಲಾ! ಏನ್ ಮಾಡ್ಲಿ ಮತ್ತೆ? ನೀನು ಚೊಂಬು ತಕಂಡು ಓದ್ರೆ ಒಂದು ಗಂಟೆ ಬರಾಕಿಲ್ಲ. ಇವಳು ನೀರಿಗೆ ಓಯ್ತಳೆ. ಒಬ್ಬಳೇ ಮುಂಡೇದು ಕುಂತು ಏನ್ ಮಾಡ್ಲಿ? ನಮ್ ಯಜಮಾನ್ರು ಇದ್ದಾಗ ಅವರ ಚುಂಗಾಣಿ ಹತ್ತಿಸಿಕೊಡ್ತಿದ್ದೆ. ಹತ್ತಿಸಾಕೆ ಎರಡು ದಮ್ಮು ಎಳೀಬೇಕಾಗದಾ. ಅಂಗೇ ಅಭ್ಯಾಸ ಆಯ್ತು.

ಅನಸೂಯಮ್ಮ: ಅದಕ್ಕೇ ನಿಮ್ಗೂ ಒಟ್ಟೆ ಹಿಂಡ್ತಾ ಇರೋದು. ಒಂದೇ ರಕ್ತ ಅಂದ್ರಿ. ರಕ್ತ ಅಲ್ಲ, ಒಂದೇ ಕೊಳವೆ.

ಶಿವರತ್ನಮ್ಮ: ಅಯ್ಯಯ್ಯೋ, ನಾನೂ ಸಾಯ್ತೀನಾ?

ಅನಸೂಯಮ್ಮ: ಸಾಯಾಕಿಲ್ಲ. ಇಬ್ರೂ ಈಗಿಂದೀಗ್ಲೇ ಆಸ್ಪತ್ರೆಗೆ ನಡೀರಿ. ಸೀಸ ಸೇದಿದ್ವಿ ಸಾ ಅಂತ ಬಾಯ್ಬುಟ್ಟು ಏಳಿ. ಅಲ್ಲೂ ಉಳ್ಳಿ ಸಾರು ಅಂದೀರಾ ಮತ್ತೆ!

ಆಸ್ಪತ್ರೆಯ ಡಾಕ್ಟರು ಇಬ್ಬರ ಹೊಟ್ಟೆ ಒತ್ತಿ, ಒಸಡು ನೋಡಿ, ಚುಂಗಾಣಿಯ ಕತೆ ಕೇಳಿ, ಕನ್ನಡದಲ್ಲಿ ಅರ್ಧ ತಮಿಳಿನಲ್ಲಿ ಅರ್ಧ ಚೆನ್ನಾಗಿ ಬೈದರಂತೆ. ಸೀಸ ವಿಷ, ಅದರ ಹೊಗೆ ಇನ್ನೂ ದೊಡ್ಡ ವಿಷ, ಇನ್ನೆರಡು ತಿಂಗಳು ಸೇದಿದ್ದರೆ ರಾಮಲಿಂಗಯ್ಯನ ಕೈ ಲಾಳಿ ಎಸೆಯಲಾರದಂತೆ ಬಿದ್ದುಹೋಗುತ್ತಿತ್ತು ಅಂದರಂತೆ. ಒಂದು ಸೀಸೆ ಔಷಧಿ ಕೊಟ್ಟು, ವಾರಕ್ಕೊಮ್ಮೆ ಬಂದು ತೋರಿಸಿ ಅಂದು ಕಳಿಸಿದ್ದರು. ಅವರಿಬ್ಬರೂ ವಾಪಸ್ ಬರುವಷ್ಟರಲ್ಲಿ ಅನಸೂಯಮ್ಮ ಉಪ್ಪಿನ ಮಡಕೆಯನ್ನು ಅದರ ಜಾಗಕ್ಕೆ ತಂದು, ಮಣೆಯ ಮೇಲೆ ಕೂತು, ಮುದ್ದೆಗೆ ಎಸರಿಟ್ಟಿದ್ದಳು. ತನ್ನ ಕೋಲಿನಿಂದಲೇ ತಿರುವುತ್ತಿದ್ದಳು. ಎಂಥ ಹಿತವಾಗಿತ್ತು ಅಂತೀರಿ ಆ ಒಲೆಯ ಬಿಸಿ!

ಶಿವರತ್ನಮ್ಮ: ನಾನು ಊರಿಗೆ ಓಯ್ತೀನಿ ಕಣಮ್ಮಿ. ಯಳಂದೂರಿನ ಕೆಂಪನಂಜಪ್ಪನ ಗಾಡಿ ಸಂತೆಗೆ ಬಂದದಂತೆ, ಮಧ್ಯಾಹ್ನಕ್ಕೆ ವಾಪಸ್ ಓಯ್ತದೆ. ನನ್ ಗಂಟು ಕೊಡು. ನಾನು ಸೇದಿದ್ದ ಮಾತ್ರ ಯಾರ್ಗೂ ಏಳಬ್ಯಾಡ. ನಾಕು ಜನದ ಮುಂದೆ ನನ್ ಮಾನ ಓಯ್ತದೆ.

ಅನಸೂಯಮ್ಮ: ನನ್ ಮಾನ?

ಶಿವರತ್ನಮ್ಮ: ನಿಂಗೇನಾಗದೆ?

ಅನಸೂಯಮ್ಮ: ಹದಿನೈದು ದಿನದಿಂದ ಬೀದೀಲಿ ಎಷ್ಟು ಮನೆ ಅವೆಯೋ ಅಷ್ಟು ಮನೆಗೂ ನನ್ ಸಾರು ವಿಷ ಅಂತ ಏಳ್ಕಂಡು ಬಂದಿದ್ದೀರಿ. ಈಗ ಅಷ್ಟು ಮನೆಗೂ ಓಗಿ. ಅನಸೂಯನ ಅಡಿಗೆ ಅಮೃತ ಅಂತ ಏಳಿ. ಎದುರುಮನೆ ಶಿವನಂಜಮ್ಮನಿಂದ್ಲೇ ಸುರು ಮಾಡಿ, ಕೇಳಿಸ್ಕಳಾಕೆ ಕುಂತವ್ಳೆ. ಅವಳು ಅರ್ಧಂಬರ್ಧ ಕೇಳಿಸ್ಕಂಡವ್ಳೆ, ಪೂರ್ತಿ ಗೊತ್ತಿಲ್ಲ. ನೀವು ಏಳಿದ್ರೆ ನಾನು ಬಾಯ್ಬುಡಾಕಿಲ್ಲ.

ಶಿವರತ್ನಮ್ಮ: ಅಮೃತ ಅನ್ಬೇಕಾ? ಚೆನ್ನಾಗದೆ ಅಂದ್ರೆ ಸಾಲದಾ?

ಅನಸೂಯಮ್ಮ: ಅಮೃತ.

ರಾಮಲಿಂಗಯ್ಯ: ಅಂದ್ಬುಡು ಅಕ್ಕಯ್ಯ. ನಂಗಂತೂ ಎರಡು ತಿಂಗಳಿಂದ ನಾಲಗೆಗೆ ರುಚಿಯೇ ಗೊತ್ತಾಯ್ತಿಲ್ಲ, ಇದ್ದರೂ ಇರ್ಬೈದು.

ಅನಸೂಯಮ್ಮ ಸೌಟು ಎತ್ತಿದಳು, ರಾಮಲಿಂಗಯ್ಯ ಗುಂಡಿಗಿಳಿದ. ಶಿವರತ್ನಮ್ಮ ಸೆರಗು ಹೊದ್ದು ಬೀದಿಗಿಳಿದಳು. ಹೆಂಗಸು ಮಾತು ಕೊಟ್ಟರೆ ಕೊಟ್ಟಂತೆ ನೋಡಿ, ಅರ್ಧಕ್ಕೆ ನಿಲ್ಲಿಸುವ ಜಾಯಮಾನದವಳಲ್ಲ. ಮೊದಲ ಜಗಲಿಯಿಂದ ಕೊನೆಯ ಜಗಲಿಯವರೆಗೆ ಅವಳ ದನಿ ಮನೆಯೊಳಗೇ ಕೇಳಿಸುತ್ತಿತ್ತು. ಉಪ್ಪುಸಾರಂತೆ, ಬಸ್ಸಾರಂತೆ, ಮುದ್ದೆಯಂತೆ, ದೇವತೆಗಳೂ ಕಂಡಿಲ್ಲವಂತೆ. ಒಲೆಯ ಮುಂದೆ ಅನಸೂಯಮ್ಮ ಒಬ್ಬಳೇ ನಕ್ಕಳು. ಹದಿನೈದು ದಿನದ ಉರಿ ಒಂದೇ ಏಟಿಗೆ ತಣ್ಣಗಾಗಿತ್ತು. ಅತ್ತ ರಾಮಲಿಂಗಯ್ಯ ಚುಂಗಾಣಿ ಒಡೆದು ತಿಪ್ಪೆಯ ಆಳದಲ್ಲಿ ಹೂತು, ಹಳೇ ಕಬ್ಬಿಣದ ಮೊಳೆಗಳನ್ನು ದಾರಕ್ಕೆ ಕಟ್ಟಿ ನವಿಲಿಗೆ ಕಾಲು ಬರಿಸುವ ಕೆಲಸ ಹಿಡಿದಿದ್ದ, ಕಾಲಿಲ್ಲದಷ್ಟನ್ನೂ ಬಿಚ್ಚಿ ನೇಯಬೇಕೆಂದು ಹೆಂಡತಿಯ ಅಪ್ಪಣೆಯಾಗಿತ್ತು.

ಗಾಡಿಯ ಗಂಟೆ ಕೇಳಿಸಿತು. ಬಾಗಿಲ ಮುಂದೆ ನಿಂತಿತು. ಅನಸೂಯಮ್ಮ ಗಂಡನ ಅಕ್ಕನ ಗಂಟನ್ನೂ ಹಿಟ್ಟಿನ ಕೋಲನ್ನೂ ತಾನೇ ಎತ್ತಿಕೊಂಡು ಹೊರಗೆ ಓಡಿದಳು. ಅಷ್ಟರಲ್ಲಿ ಗಾಡಿ ಬರಿದೇ ಮುಂದೆ ಹೊರಟುಬಿಟ್ಟಿತ್ತು. ಶಿವರತ್ನಮ್ಮ ಜಗಲಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು.

ಅನಸೂಯಮ್ಮ: ಗಾಡಿ ಓಯ್ತಾ ಅದೆ ಅಕ್ಕಯ್ಯ! ಕೂಗಿ!

ಶಿವರತ್ನಮ್ಮ: ನಾನೇ ಕಳಿಸ್ದೆ ಬುಡು.

ಅನಸೂಯಮ್ಮ: ಯಾಕೆ?

ಶಿವರತ್ನಮ್ಮ: ಏನ್ ಮಾಡ್ಲಿ ಏಳು? ನೀನು ಏಳಿದಂಗೆ ಅಮೃತ ಅಮೃತ ಅಂತ ಬೀದಿಗೆಲ್ಲ ಸಾರಿದೆ. ಆ ಶಿವನಂಜಮ್ಮ ಮೊರ ಕೆಳಗಿಟ್ಟು ಕೇಳ್ತಳೆ, ಅಂಥಾ ಅಮೃತ ಬುಟ್ಟು ನೀನ್ಯಾಕ ಊರಿಗೆ ಓಡ್ತಿದ್ದೀಯ ಅಂತ. ನಿನ್ ಮಾನ ಓಗಬಾರ್ದಲ್ಲ ಕಣಮ್ಮಿ. ದೀಪಾವಳಿಗಂಟ ಇರ್ತೀನಿ ಅಂದ್ಬುಟ್ಟೆ.